ಪೂರ್ಣಾಂಕ ಕೊಟ್ಟರೂ ದಶಮಾಂಶ ಬರುತ್ತಿದೆ: ಇದು ಸಿಂಪೈ ಕ್ಯಾಶ್‌ನ ದೋಷವೇ?

ಪ್ರಶ್ನೆ: ನಮಸ್ಕಾರ ಸರ್. ನಾನು ತುಮಕೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಗಣಿತ ಬೋಧಿಸುತ್ತೇನೆ. ವರ್ಗ ಸಮೀಕರಣದ ಸಹಗುಣಕಗಳನ್ನು ಟಪಲ್ (ಆವರಣದೊಳಗಿನ ಪಟ್ಟಿ) ರೂಪದಲ್ಲಿ ಪಡೆದು, ಪೈಥಾನ್‌ನ ಬೀಜಗಣಿತ ಲೈಬ್ರರಿಯಾದ ಸಿಂಪೈನಿಂದ (SymPy) ಮೂಲಗಳನ್ನು ಕಂಡುಹಿಡಿಯುವ ಫಂಕ್ಷನ್ ಬರೆದು, ವೇಗಕ್ಕೆಂದು ಅದಕ್ಕೆ ಪೈಥಾನ್‌ನ ಎಲ್‌ಆರ್‌ಯು ಕ್ಯಾಶ್ (lru_cache, ಒಮ್ಮೆ ಬಂದ ಉತ್ತರವನ್ನು ನೆನಪಿಟ್ಟುಕೊಂಡು ಮತ್ತೆ ಕೊಡುವ ಸೌಲಭ್ಯ) ಹಾಕಿದ್ದೇನೆ. ಲ್ಯಾಬ್‌ನಲ್ಲಿ (1, 0, −2) ಕೊಟ್ಟರೆ ±√2 ಬದಲು ±1.4142... ಬರುತ್ತದೆ. ಸಂಜೆ ಕ್ಯಾತ್ಸಂದ್ರದ ಮನೆಯಲ್ಲಿ ಅದೇ ಲ್ಯಾಪ್‌ಟಾಪ್‌ನಲ್ಲಿ ಹೊಸದಾಗಿ ಓಡಿಸಿದರೆ ±√2 ಬರುತ್ತದೆ. ಸಿಂಪೈನ ಕ್ಲಿಯರ್_ಕ್ಯಾಶ್ (clear_cache) ಕರೆದರೂ ಲ್ಯಾಬ್‌ನಲ್ಲಿ ಸರಿಹೋಗಲಿಲ್ಲ.

ಉತ್ತರ: ಮೇಡಂ, ಸುಳಿವು ನಿಮ್ಮ ಕೊನೆಯ ವಾಕ್ಯದಲ್ಲಿಯೇ ಇದೆ. ಕ್ಲಿಯರ್_ಕ್ಯಾಶ್ ಸಿಂಪೈ ತನ್ನೊಳಗೆ ಇಟ್ಟುಕೊಂಡ ಕ್ಯಾಶ್‌ಗಳನ್ನು ಮಾತ್ರ ಖಾಲಿ ಮಾಡುತ್ತದೆ. ನೀವು ಹಾಕಿದ್ದು ಅದರ ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ ಫಂಕ್ಷನ್ನಿನದೇ ಕ್ಯಾಶ್_ಕ್ಲಿಯರ್ (cache_clear) ಕರೆದ ಮೇಲೆ ±√2 ಬಂದರೆ ಸಿಂಪೈ ನಿರ್ದೋಷಿ. ಲ್ಯಾಬ್‌ನಲ್ಲಿ ಅದಕ್ಕೂ ಮೊದಲು ಯಾರೋ (1.0, 0, −2.0) ಕೊಟ್ಟಿರಬೇಕು. ಪೈಥಾನ್‌ಗೆ 1 ಮತ್ತು 1.0 ಸಮ, ಅವುಗಳ ಹ್ಯಾಶ್ (ಕ್ಯಾಶ್‌ನಲ್ಲಿ ಹುಡುಕಲು ಬಳಸುವ ಸಂಖ್ಯೆ) ಕೂಡ ಒಂದೇ. ಆದ್ದರಿಂದ ಆ ಎರಡು ಟಪಲ್‌ಗಳೂ ಕ್ಯಾಶ್‌ನಲ್ಲಿ ಒಂದೇ ಕೀಲಿಯಾಗಿ, ಮೊದಲು ಬಂದವರ ಉತ್ತರವೇ ಆಮೇಲೆ ಬಂದವರಿಗೂ ಸಿಗುತ್ತದೆ.

ಪ್ರಶ್ನೆ: ಹೌದು ಸರ್, ಒಬ್ಬ ವಿದ್ಯಾರ್ಥಿ 1.0 ಎಂದೇ ಬರೆದಿದ್ದ. ಆದರೆ 1 ಮತ್ತು 1.0ರಂಥ ಬೇರೆ ಪ್ರಕಾರಗಳನ್ನು ಬೇರೆಯಾಗಿಡುವ, ಎಲ್‌ಆರ್‌ಯು ಕ್ಯಾಶ್‌ನ ಟೈಪ್ಡ್ (typed) ಆಯ್ಕೆಯನ್ನು ಟ್ರೂ ಮಾಡಿದರೂ ಹಾಗೆಯೇ ಆಗುತ್ತಿದೆಯಲ್ಲ?

ಉತ್ತರ: ಬಹಳ ಜನ ಎಡವುವುದು ಇಲ್ಲಿಯೇ. ಟೈಪ್ಡ್ ಆಯ್ಕೆಯು ಫಂಕ್ಷನ್‌ಗೆ ನೇರವಾಗಿ ಕೊಟ್ಟ ವಸ್ತುವಿನ ಪ್ರಕಾರವನ್ನಷ್ಟೇ ನೋಡುತ್ತದೆ, ಅದರ ಒಳಗೆ ಇಣುಕುವುದಿಲ್ಲ. ನಿಮ್ಮ ಎರಡು ಕರೆಗಳಲ್ಲಿಯೂ ಅದಕ್ಕೆ ಕಾಣುವುದು ಬರೀ ಟಪಲ್. ಸಹಗುಣಕಗಳನ್ನು ಮೂರು ಬೇರೆ ಬೇರೆ ಆರ್ಗ್ಯುಮೆಂಟ್‌ಗಳಾಗಿ ಕೊಟ್ಟರೆ ಅದೇ ಆಯ್ಕೆ ಕೆಲಸ ಮಾಡುತ್ತದೆ. ಟಪಲ್ಲೇ ಬೇಕೆಂದರೆ, ಕ್ಯಾಶ್ ಇರುವ ಫಂಕ್ಷನ್ನನ್ನು ಕರೆಯುವ ಮೊದಲೇ ಪ್ರತಿಯೊಂದು ಸಂಖ್ಯೆಯನ್ನೂ ಸಿಂಪಿಫೈ (sympify, ಸಿಂಪೈನ ಸ್ವಂತ ಸಂಖ್ಯೆಯಾಗಿ ಬದಲಿಸುವುದು) ಮಾಡಿ. ಒಳಗೆ ಮಾಡಿದರೆ ಕೀಲಿ ಅಷ್ಟರಲ್ಲಿ ಆಗಿಹೋಗಿರುತ್ತದೆ. ಇದಕ್ಕೆ ಸಿಂಪೈ 1.13 ಅಥವಾ ಅದರ ನಂತರದ ಆವೃತ್ತಿ ಬೇಕು, ಏಕೆಂದರೆ ಅದಕ್ಕಿಂತ ಹಿಂದಿನವುಗಳಲ್ಲಿ ಸಿಂಪೈನ ಇಂಟೀಜರ್ (ಪೂರ್ಣಾಂಕ) 2 ಮತ್ತು ಫ್ಲೋಟ್ (ದಶಮಾಂಶ ಸಂಖ್ಯೆ) 2.0 ಕೂಡ ಸಮವೆಂದೇ ಬರುತ್ತಿದ್ದವು.

ಮುಂದೆಂದಾದರೂ ಸಿಂಪೈನ ಒಳಗಿನ ಕ್ಯಾಶ್ ಮೇಲೆಯೇ ಅನುಮಾನ ಬಂದರೆ, ಸಿಂಪೈಯನ್ನು ಇಂಪೋರ್ಟ್ ಮಾಡುವ ಮೊದಲು ಸಿಂಪೈ_ಯೂಸ್_ಕ್ಯಾಶ್ (SYMPY_USE_CACHE) ಎಂಬ ಪರಿಸರ ಚರಕ್ಕೆ (environment variable) ‘ನೋ’ (no) ಎಂದು ಕೊಟ್ಟು ಓಡಿಸಿ. ಕೆಲಸ ನಿಧಾನವಾಗುತ್ತದೆ, ಆದರೆ ತಪ್ಪು ಆಗಲೂ ಉಳಿದರೆ ಆ ಕ್ಯಾಶ್ ಕಾರಣವಲ್ಲ.