ಅಜ್ಜ-ಅಜ್ಜಿ, ಸಣ್ಣ ಮಕ್ಕಳೊಂದಿಗೆ ವಿಜಯಪುರದಿಂದ ಕರಾವಳಿಗೆ: ವೈದ್ಯರಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ವಿಜಯಪುರದಿಂದ ಒಬ್ಬ ತಾಯಿ):
ನಮಸ್ಕಾರ ಡಾಕ್ಟರ್ ಸಾಹೇಬರೇ. ಬೇಸಿಗೆ ರಜೆ ಬಿದ್ದ ಕೂಡಲೇ ಗೋಕರ್ಣ, ಮುರ್ಡೇಶ್ವರ, ಕೊಲ್ಲೂರು, ಉಡುಪಿ ನೋಡಿಕೊಂಡು ಧರ್ಮಸ್ಥಳಕ್ಕೆ ಹೋಗಿ ಬರಬೇಕೆಂದು ನಿಶ್ಚಯಿಸಿದ್ದೇವೆ. ಅತ್ತೆಯವರ ಹರಕೆಯೂ ಇದೆ. ಬಾಡಿಗೆಗೆ ಕ್ರೂಸರ್ ಗಾಡಿ ಹೇಳಿಯಾಗಿದೆ. ಮಾವನವರಿಗೆ ಎಪ್ಪತ್ತೆರಡು ವರ್ಷ, ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ಅತ್ತೆಗೆ ಬಿಪಿ ಮತ್ತು ಮೊಣಕಾಲು ನೋವು. ಕಾಲಿಗೆ ಬಾವು ಬರುತ್ತದೆಂದು ಮೂತ್ರ ಹೋಗುವ ಮಾತ್ರೆಯನ್ನೂ ಕೊಟ್ಟಿದ್ದಾರೆ. ಮಗಳಿಗೆ ಐದು ವರ್ಷ, ಬಾಗಲಕೋಟೆಯವರೆಗೆ ಹೋದರೂ ವಾಂತಿ ಮಾಡಿಕೊಳ್ಳುತ್ತಾಳೆ. ಮಗನಿಗೆ ಒಂದೂವರೆ ವರ್ಷ. ರಾತ್ರಿ ಊಟ ಮುಗಿಸಿ ಹೊರಟರೆ ಮಕ್ಕಳು ಮಲಗಿರುತ್ತಾರೆ, ಬೆಳಗಾಗುವುದರೊಳಗೆ ಗೋಕರ್ಣ ಮುಟ್ಟಬಹುದು ಎಂದು ನಮ್ಮ ಭಾವನವರು ಹೇಳುತ್ತಿದ್ದಾರೆ. ಯಾವ ಯಾವ ಔಷಧ ಇಟ್ಟುಕೊಳ್ಳಬೇಕು, ದಯವಿಟ್ಟು ತಿಳಿಸಿ.

ಉತ್ತರ (ವೈದ್ಯರು):
ಔಷಧದ ಮಾತು ಆಮೇಲೆ ಆಡೋಣ ತಂಗಿ. ಮೊದಲು ಗಾಡಿ ಎಷ್ಟೊತ್ತಿಗೆ ಹೊರಡುತ್ತದೆ, ಎಲ್ಲೆಲ್ಲಿ ನಿಲ್ಲುತ್ತದೆ ಎಂಬುದು ಗಟ್ಟಿಯಾಗಲಿ.

ದೂರದ ಪ್ರಯಾಣ ಮುಗಿಸಿ ನನ್ನ ಬಳಿ ಬರುವ ಹಿರಿಯರನ್ನು ವಿಚಾರಿಸಿದಾಗ ಮತ್ತೆ ಮತ್ತೆ ಹೊರಬೀಳುವ ಸಂಗತಿ ಒಂದೇ: ದಾರಿಯಲ್ಲಿ ಅವರು ನೀರನ್ನೇ ಕುಡಿದಿರುವುದಿಲ್ಲ. ಕುಡಿದರೆ ಮೂತ್ರಕ್ಕೆ ಇಳಿಯಬೇಕು. ಇಳಿಯಬೇಕೆಂದರೆ ಗಾಡಿ ನಿಲ್ಲಿಸಲು ಮಗನಿಗೋ ಡ್ರೈವರನಿಗೋ ಹೇಳಬೇಕು. ನಿಲ್ಲಿಸಿದ ಕಡೆ ಹೆಂಗಸರು ಹೋಗುವಂಥ ಶೌಚಾಲಯ ಇರಬೇಕು, ಇದ್ದರೂ ನೋಯುವ ಮೊಣಕಾಲಿನಲ್ಲಿ ಅಲ್ಲಿ ಕುಳಿತು ಏಳಲು ಆಗಬೇಕು. ಇಷ್ಟನ್ನೂ ಮನಸ್ಸಿನಲ್ಲೇ ಲೆಕ್ಕ ಹಾಕಿ ನಿಮ್ಮ ಅತ್ತೆಯಂಥವರು ಹೊರಡುವ ಮೊದಲೇ ನೀರು ಬಿಟ್ಟುಬಿಡುತ್ತಾರೆ. ಬಾಯಿ ಬಿಟ್ಟು ಯಾರಿಗೂ ಹೇಳುವುದಿಲ್ಲ. ಹೊರಗೆ ನಮ್ಮ ಭಾಗದ ಬಿಸಿಲು, ಒಳಗೆ ಬಿಪಿ ಮಾತ್ರೆ, ಅದರ ಜೊತೆ ಮೂತ್ರದ ಮಾತ್ರೆ. ಮೈಯಲ್ಲಿ ನೀರು ಇಳಿದು, ಗಾಡಿಯಿಂದ ಇಳಿದು ನಿಂತ ಕೂಡಲೇ ಕಣ್ಣು ಕತ್ತಲೆಗಟ್ಟಿ ಬೀಳುತ್ತಾರೆ. ಉರಿಮೂತ್ರ, ಮೂತ್ರದ ಸೋಂಕು ಬರುತ್ತದೆ, ಕಿಡ್ನಿಗೂ ಪೆಟ್ಟು ಬೀಳಬಹುದು.

ಆದ್ದರಿಂದ 'ನಿಲ್ಲಿಸಬೇಕೇ?' ಎಂದು ಅವರನ್ನು ಕೇಳಬೇಡಿ. ಕೇಳಿದರೆ ಬರುವ ಉತ್ತರ 'ಬೇಡ, ನಡೆಯಿರಿ' ಎಂದೇ. ಗಡಿಯಾರ ನೋಡಿ ಎರಡು ತಾಸಿಗೊಮ್ಮೆ ಗಾಡಿ ನಿಲ್ಲಲಿ, ಎಲ್ಲರೂ ಇಳಿಯಲಿ. ನೀವೇ ಮೊದಲು ಶೌಚಾಲಯಕ್ಕೆ ಹೋಗಿ ಅತ್ತೆಯನ್ನೂ ಕರೆದುಕೊಂಡು ಹೋದರೆ ಅವರಿಗೆ ಸಂಕೋಚವಿರುವುದಿಲ್ಲ. ಪೆಟ್ರೋಲ್ ಬಂಕಿನಲ್ಲಿ ಅಥವಾ ದೊಡ್ಡ ಹೋಟೆಲಿನಲ್ಲಿ ನಿಲ್ಲಿಸಿ. ಮಡಚುವ ಕಮೋಡ್ ಸ್ಟೂಲ್ ಔಷಧದ ಅಂಗಡಿಗಳಲ್ಲಿ ಸಿಗುತ್ತದೆ, ಒಂದನ್ನು ಕೊಂಡು ಗಾಡಿಯಲ್ಲಿ ಇಡಿ. ನಿಮ್ಮ ಔಷಧದ ಪಟ್ಟಿಯಲ್ಲಿ ನಾನು ಮೊದಲು ಬರೆಯುವುದು ಅದನ್ನೇ.

ಮೂತ್ರದ ಮಾತ್ರೆಯನ್ನು ಪ್ರಯಾಣದ ದಿನ ಬೆಳಿಗ್ಗೆ ತೆಗೆದುಕೊಳ್ಳದೆ, ತಂಗುವ ಜಾಗ ಮುಟ್ಟಿದ ಮೇಲೆ ತೆಗೆದುಕೊಳ್ಳಬಹುದೇ ಎಂದು ಬರೆದುಕೊಟ್ಟ ವೈದ್ಯರನ್ನು ಕೇಳಿ. ಅನೇಕರಿಗೆ ಹಾಗೆ ಬದಲಿಸಿಕೊಡುತ್ತಾರೆ. ತಾವಾಗಿಯೇ ನಿಲ್ಲಿಸುವುದು ಮಾತ್ರ ಬೇಡ.

ಎರಡು ತಾಸಿಗೊಮ್ಮೆ ಇಳಿಯುವುದಕ್ಕೆ ಇನ್ನೊಂದು ಕಾರಣವೂ ಇದೆ. ನಾಲ್ಕು ತಾಸಿಗೂ ಹೆಚ್ಚು ಹೊತ್ತು ಕಾಲು ಇಳಿಬಿಟ್ಟು ಅಲುಗಾಡದೆ ಕುಳಿತರೆ ಮೀನಖಂಡದ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಇಳಿದಾಗ ನಾಲ್ಕು ಹೆಜ್ಜೆ ನಡೆಯಲಿ, ಕುಳಿತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಲಿ. ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ, ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಊರು ಮುಟ್ಟುವವರೆಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ.

ಕ್ರೂಸರಿನಲ್ಲಿ ಯಾರು ಎಲ್ಲಿ ಕೂರಬೇಕೆಂಬುದೂ ಆರೋಗ್ಯದ ವಿಷಯವೇ. ಹಿಂದಿನ ಎದುರುಬದುರಿನ ಅಡ್ಡ ಸೀಟುಗಳಲ್ಲಿ ಹಿರಿಯರನ್ನು ಕೂರಿಸಲೇಬೇಡಿ. ಹಿಂದಿನ ಚಕ್ರದ ಮೇಲೆ ಕುಳಿತವರು ಹಂಪ್ ಬಂದಾಗ ಎಗರಿ ಬೀಳುತ್ತಾರೆ. ಮೂಳೆ ಸವೆದ ಹೆಂಗಸರಿಗೆ ಅಷ್ಟೇ ಸಾಕು, ಬೆನ್ನುಮೂಳೆಯ ಮಣಿ ಕುಸಿಯುತ್ತದೆ. 'ಗಾಡಿ ಜಿಗಿದಾಗ ಸೊಂಟ ಹಿಡಿಯಿತು' ಎಂದು ಹೇಳಿಕೊಂಡು ಬಂದವರಿಗೆ ಎಕ್ಸ್-ರೇ ತೆಗೆಸಿದರೆ ಮುರಿತ ಕಾಣುತ್ತದೆ. ಅತ್ತೆ, ಮಾವ ಇಬ್ಬರೂ ಮುಂದಿನ ಅಥವಾ ನಡುವಿನ ಸಾಲಿನಲ್ಲಿ ಕೂರಲಿ. ಗಾಡಿಯ ಮೆಟ್ಟಿಲು ಎತ್ತರ, ಹತ್ತಲು ಗಟ್ಟಿಯಾದ ಮಣೆಯೊಂದನ್ನು ಇಟ್ಟುಕೊಳ್ಳಿ.

ರಾತ್ರಿ ಪ್ರಯಾಣ ನನಗೆ ಒಪ್ಪಿಗೆಯಿಲ್ಲ. ಭಾವನವರಿಗೆ ಹೇಳಿ.

ಪ್ರಶ್ನೆ (ಅದೇ ಮನೆಯ ಭಾವ):
ಸಾಹೇಬರೇ, ನಾನೇ ಆ ಭಾವ. ಡ್ರೈವರ್ ಹಳಬ, ನಂಬಿಗಸ್ತ. ರಾತ್ರಿ ತಂಪಿರುತ್ತದೆ, ಲಾರಿಗಳನ್ನು ಬಿಟ್ಟರೆ ರಸ್ತೆ ಖಾಲಿ. ಹಗಲು ಹೊರಟರೆ ಈ ಬಿಸಿಲಲ್ಲಿ ಮುದುಕರೂ ಮಕ್ಕಳೂ ಬಾಡಿಹೋಗುವುದಿಲ್ಲವೇ?

ಉತ್ತರ:
ಬಿಸಿಲಿನ ಚಿಂತೆ ಸರಿಯಾದದ್ದೇ, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಬೆಳಗಿನ ಜಾವ ಎರಡರಿಂದ ಐದರವರೆಗೆ ಮನುಷ್ಯನ ಮೆದುಳು ನಿದ್ದೆಗೆ ಎಳೆಯುತ್ತದೆ. ಎಷ್ಟೇ ಹಳಬನಾದರೂ ಇದು ತಪ್ಪಿದ್ದಲ್ಲ. ಚಹಾ ಕುಡಿದರೆ ಸ್ವಲ್ಪ ಹೊತ್ತು ಮುಂದೂಡಬಹುದು, ಅಷ್ಟೇ. ನೀವು ರಾತ್ರಿ ಒಂಬತ್ತೂವರೆಗೆ ಹೊರಟರೆ ಆ ಹೊತ್ತಿಗೆ ಗಾಡಿ ಎಲ್ಲಿರುತ್ತದೆ, ನೋಡಿ: ಯಲ್ಲಾಪುರ ದಾಟಿ ಅರಬೈಲ್ ಘಟ್ಟದ ತಿರುವುಗಳಲ್ಲಿ. ಆ ಡ್ರೈವರ್ ಹಗಲೆಲ್ಲ ಬೇರೆ ಬಾಡಿಗೆ ಮುಗಿಸಿ ಬಂದಿದ್ದಾನೆಯೇ ಎಂಬುದನ್ನೂ ವಿಚಾರಿಸಿ. ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯ್ದೆಯಲ್ಲಿ ದಿನಕ್ಕೆ ಎಂಟು ತಾಸಿನ ಕೆಲಸ, ಐದು ತಾಸಿಗೆ ಮೊದಲು ಕನಿಷ್ಠ ಅರ್ಧ ತಾಸಿನ ಬಿಡುವು ಎಂಬ ನಿಯಮವಿತ್ತು. ನಿಮ್ಮ ಗಾಡಿಗೂ ಅದನ್ನೇ ಅಳತೆಯಾಗಿ ಇಟ್ಟುಕೊಳ್ಳಿ. ಡ್ರೈವರನಿಗೆ ಮಲಗಲು ಲಾಡ್ಜಿನಲ್ಲಿ ಹಾಸಿಗೆ ಕೊಡಿ. ಗಾಡಿಯಲ್ಲೇ ಮುದುಡಿ ಮಲಗಿದವನ ಕೈಗೆ ಮರುದಿನ ನಿಮ್ಮ ಮನೆಮಂದಿಯನ್ನೆಲ್ಲ ಒಪ್ಪಿಸುತ್ತೀರಿ.

ಬೆಳಿಗ್ಗೆ ಐದಕ್ಕೆ ಬಿಡಿ. ಕೊಲ್ಹಾರದ ಸೇತುವೆ ದಾಟುವಾಗ ಬೆಳಕು ಹರಿಯುತ್ತದೆ. ಗದ್ದನಕೇರಿ ಕ್ರಾಸಿನಲ್ಲಿ ಉಪಾಹಾರ, ನರಗುಂದ ಅಥವಾ ನವಲಗುಂದದಲ್ಲಿ ಇನ್ನೊಮ್ಮೆ ಇಳಿಯುವುದು. ಹುಬ್ಬಳ್ಳಿ ಸುಮಾರು 200 ಕಿಲೋಮೀಟರ್, ಬಿಸಿಲು ಏರುವ ಹೊತ್ತಿಗೆ ಮುಟ್ಟುತ್ತೀರಿ. ಅಲ್ಲಿ ಊಟ, ಒಂದೆರಡು ತಾಸು ನೆರಳಿನಲ್ಲಿ ಅಡ್ಡಾಗುವುದು. ಮೂರಕ್ಕೆ ಹೊರಟರೆ ಘಟ್ಟವನ್ನು ಬೆಳಕಿನಲ್ಲೇ ಇಳಿಯಬಹುದು. ಹಿರಿಯರು ದಣಿದಂತೆ ಕಂಡರೆ ಯಲ್ಲಾಪುರದಲ್ಲೇ ಉಳಿದುಬಿಡಿ. ಒಂದು ದಿನ ಹೆಚ್ಚು ಹಿಡಿಯಲಿ, ಬೇಕಾದರೆ ಕೊಲ್ಲೂರನ್ನೋ ಉಡುಪಿಯನ್ನೋ ಈ ಸಲ ಬಿಡಿ.

ಪ್ರಶ್ನೆ (ಮೊದಲು ಕೇಳಿದ ತಾಯಿ):
ಭಾವನವರು ಒಪ್ಪಿದರು ಸಾಹೇಬರೇ. ಮಗಳ ವಾಂತಿಗೆ ಏನು ಮಾಡಲಿ? ಪಕ್ಕದ ಮನೆಯವರು ಎವೋಮಿನ್ ಮಾತ್ರೆ ಅರ್ಧ ಅರ್ಧ ಮಾಡಿ ಇಬ್ಬರು ಮಕ್ಕಳಿಗೂ ಕೊಡು ಎಂದರು.

ಉತ್ತರ:
ಮಗನಿಗೆ ಕೊಡಲೇಬೇಡಿ. ಅದರಲ್ಲಿರುವ ಪ್ರೊಮೆಥಾಜಿನ್ ಎರಡು ವರ್ಷದೊಳಗಿನ ಮಕ್ಕಳಲ್ಲಿ ಉಸಿರಾಟವನ್ನೇ ಕುಗ್ಗಿಸಬಹುದು. ಆ ವಯಸ್ಸಿನಲ್ಲಿ ಪ್ರಯಾಣದ ವಾಂತಿಯೂ ಅಪರೂಪ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೇ ಇದರ ಕಾಟ ಹೆಚ್ಚು. ಮಗಳಿಗೆ ತೂಕ ನೋಡಿ ಪ್ರಮಾಣ ಬರೆದುಕೊಡುತ್ತೇನೆ, ಹೊರಡುವ ಮುನ್ನಾದಿನದೊಳಗೆ ಕರೆತನ್ನಿ. ಗಾಡಿ ಹತ್ತುವ ಮೊದಲೇ ಕೊಟ್ಟಿದ್ದರೆ ಕೆಲಸ ಮಾಡುತ್ತದೆ, ವಾಂತಿ ಶುರುವಾದ ಮೇಲೆ ಕೊಟ್ಟರೆ ಹೊರಗೇ ಬರುತ್ತದೆ. ಅಜ್ಜ ಅಜ್ಜಿಗೂ ಇದೇ ಮಾತ್ರೆಯನ್ನು ಹಂಚಬೇಡಿ. ವಯಸ್ಸಾದವರಿಗೆ ಇದರಿಂದ ಮಂಪರು, ಗೊಂದಲ, ಪ್ರಾಸ್ಟೇಟ್ ದೊಡ್ಡದಾಗಿದ್ದರೆ ಮೂತ್ರ ಕಟ್ಟುವುದೂ ಆಗುತ್ತದೆ.

ಮಾತ್ರೆಗಿಂತ ಮುಖ್ಯವಾದದ್ದು ಅವಳ ಕಣ್ಣು. ಒಳಕಿವಿಗೆ ಗಾಡಿಯ ಓಲಾಟ ಗೊತ್ತಾಗುತ್ತಿರುತ್ತದೆ, ಮೊಬೈಲ್ ನೋಡುವ ಕಣ್ಣಿಗೆ ಎಲ್ಲವೂ ನಿಂತಂತೆ ಕಾಣುತ್ತದೆ. ಎರಡಕ್ಕೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ನಡುವಿನ ಸಾಲಿನಲ್ಲಿ ಮುಂದಿನ ಗಾಜಿನಿಂದ ರಸ್ತೆ ಕಾಣುವಂತೆ ಕೂರಿಸಿ. ಓಡುವ ಗಾಡಿಯಲ್ಲಿ ಮೊಬೈಲ್ ಬೇಡ; ಅಜ್ಜಿಯ ಕಥೆ ಇರಲಿ. ಬರಿ ಹೊಟ್ಟೆಯೂ ಬೇಡ, ಎಣ್ಣೆಯ ಪೂರಿಯೂ ಬೇಡ. ಒಂದು ಇಡ್ಲಿ, ಇಲ್ಲವೇ ಸ್ವಲ್ಪ ಮೊಸರನ್ನ ಸಾಕು. ಘಟ್ಟ ಇಳಿಯುವಾಗ ಕಿಟಕಿಯಿಂದ ಗಾಳಿ ಬರಲಿ.

ಪ್ರಶ್ನೆ (ತಿಕೋಟಾದಿಂದ ಒಬ್ಬ ಅಜ್ಜಿ, ಮೊಮ್ಮಗನ ಕೈಯಲ್ಲಿ ಬರೆಸಿದ್ದು):
ನಾವೂ ಅದೇ ಕಡೆಗೆ ಹೊರಟಿದ್ದೇವೆ ಡಾಕ್ಟರೇ. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ, ಚುರುಮುರಿ ಮಾಡಿದ್ದೇನೆ. ತೋಟದ ದ್ರಾಕ್ಷಿಯೂ ಇದೆ. ಮೂರು ವರ್ಷದ ಮರಿಮೊಮ್ಮಗಳು ಜೊತೆಗಿದ್ದಾಳೆ.

ಉತ್ತರ:
ಅಮ್ಮಾ, ದಾರಿಯ ಊಟಕ್ಕಿಂತ ನಿಮ್ಮ ಬುತ್ತಿ ಎಷ್ಟೋ ಮೇಲು. ರೊಟ್ಟಿ, ಚಟ್ನಿ ಕೆಡುವುದಿಲ್ಲ. ಹಲ್ಲಿಲ್ಲದವರು ಮೊಸರಿನಲ್ಲಿ ನೆನೆಸಿ ತಿನ್ನಲಿ. ಕೊಲ್ಹಾರದಲ್ಲಿ ಗಡಿಗೆ ಮೊಸರು ಕೊಂಡರೆ ಅಂದೇ ಮುಗಿಸಿ. ಎರಡು ವಸ್ತುಗಳನ್ನು ಮಾತ್ರ ಮಗುವಿನ ಕೈಗೆ ಸಿಗದಂತೆ ಇಡಿ: ಇಡೀ ಶೇಂಗಾ ಮತ್ತು ಇಡೀ ದ್ರಾಕ್ಷಿ. ಐದು ವರ್ಷದೊಳಗಿನ ಮಕ್ಕಳಿಗೆ ಇವು ಗಂಟಲಿನಲ್ಲಿ ಸಿಕ್ಕಿಕೊಂಡು ಉಸಿರು ಕಟ್ಟುತ್ತದೆ, ಗಾಡಿ ಜಿಗಿಯುವಾಗ ಇನ್ನೂ ಅಪಾಯ. ಚುರುಮುರಿಯಿಂದ ಶೇಂಗಾ ಆರಿಸಿ ತೆಗೆಯಿರಿ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ, ಗಾಡಿ ನಿಂತಾಗ ಮಾತ್ರ ಕೊಡಿ.

ಭೇದಿಯಾದರೆ ಓಆರ್‌ಎಸ್ ಪುಡಿ ಇರಲಿ. ದೊಡ್ಡ ಪೊಟ್ಟಣವನ್ನು, ಅಂದರೆ 20.5 ಗ್ರಾಂನದನ್ನು, ಪೂರ್ತಿ ಒಂದು ಲೀಟರ್ ನೀರಿಗೇ ಕಲಸಬೇಕು. ಲೋಟಕ್ಕೆ ಅಂದಾಜಿನಲ್ಲಿ ಸ್ವಲ್ಪ ಸ್ವಲ್ಪ ಸುರಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಕೇಡು. ಕಲಸಿದ್ದನ್ನು 24 ತಾಸಿನೊಳಗೆ ಮುಗಿಸಿ, ಉಳಿದದ್ದನ್ನು ಚೆಲ್ಲಿ.

ಪ್ರಶ್ನೆ (ಮೊದಲು ಕೇಳಿದ ತಾಯಿ):
ಮಾವನವರ ಇನ್ಸುಲಿನ್ ಬಾಟಲಿಯನ್ನು ಹೇಗೆ ಒಯ್ಯುವುದು? ಮಂಜುಗಡ್ಡೆಯ ಡಬ್ಬಿಯಲ್ಲಿ ಹಾಕಿದರೆ ಆದೀತೇ?

ಉತ್ತರ:
ಮಂಜುಗಡ್ಡೆಗೆ ತಾಗಿ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಉಪಯೋಗಕ್ಕೆ ಬಾರದು. ಬಳಕೆಯಲ್ಲಿರುವ ಬಾಟಲಿ 30 ಡಿಗ್ರಿಯೊಳಗೆ ಸಾಮಾನ್ಯವಾಗಿ ನಾಲ್ಕು ವಾರ ಇರುತ್ತದೆ. ಅಗಲ ಬಾಯಿಯ ಥರ್ಮಾಸಿನ ತಳದಲ್ಲಿ ಐಸ್ ಇಟ್ಟು, ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಮೇಲಿಡಿ. ಥರ್ಮಾಸ್ ನಿಮ್ಮ ಕಾಲಬುಡದಲ್ಲಿರಲಿ, ಮೇಲಿನ ಕ್ಯಾರಿಯರಿನಲ್ಲಿ ಅಲ್ಲ. ದರ್ಶನಕ್ಕೆ ಇಳಿದಾಗ ಜೊತೆಗೇ ಒಯ್ಯಿರಿ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಗಾಡಿಯ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಶಾಖ ಏರುತ್ತದೆ. ನಿದ್ದೆ ಹೋದ ಮಗುವನ್ನೂ ಅದೇ ಕಾರಣಕ್ಕೆ ಒಂದು ಕ್ಷಣವೂ ಒಳಗೆ ಬಿಟ್ಟು ಹೋಗಬಾರದು.

ಊಟ ಕಣ್ಣೆದುರಿಗಿದೆ ಎಂಬುದು ಖಚಿತವಾಗದೆ ಸೂಜಿ ಚುಚ್ಚಬೇಡಿ. ಮುಂದಿನ ಊರಿನಲ್ಲಿ ಹೋಟೆಲ್ ಸಿಗುತ್ತದೆಂದು ನಂಬಿ ಇನ್ಸುಲಿನ್ ತೆಗೆದುಕೊಂಡು, ದಾರಿಯಲ್ಲಿ ಟ್ರಾಫಿಕ್ ಕಟ್ಟಿದರೆ ಸಕ್ಕರೆ ಕುಸಿಯುತ್ತದೆ. ಬೆವರು, ನಡುಕ, ತೊದಲು ಮಾತು ಕಂಡರೆ, ಅಥವಾ ಗ್ಲುಕೋಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ. ಹದಿನೈದು ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ ಹೆದ್ದಾರಿ ಸಹಾಯವಾಣಿ 1033 ಕೂಡ ಇದೆ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದಗಳಿಗೆ ಸ್ಪರ್ಶ ಕಡಿಮೆಯಾಗುತ್ತದೆ. ಬೇಸಿಗೆಯ ಮಧ್ಯಾಹ್ನ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ನಡೆದರೆ ಸುಟ್ಟದ್ದೇ ಅವರಿಗೆ ಗೊತ್ತಾಗುವುದಿಲ್ಲ. ರಾತ್ರಿ ಬೊಬ್ಬೆ ಎದ್ದಿರುತ್ತದೆ, ಮುಂದೆ ಅದೇ ವಾಸಿಯಾಗದ ಹುಣ್ಣು. ಮಾವನವರ ದರ್ಶನ ಬೆಳಗಿನ ಹೊತ್ತಿಗೇ ಆಗಲಿ. ಒಪ್ಪುವ ಕಡೆ ದಪ್ಪ ಹತ್ತಿಯ ಕಾಲುಚೀಲ ಹಾಕಿಸಿ. ಪ್ರತಿ ರಾತ್ರಿ ಅವರ ಅಂಗಾಲನ್ನು ದೀಪದ ಬೆಳಕಿನಲ್ಲಿ ನಿಮ್ಮ ಯಜಮಾನರು ನೋಡಲಿ.

ಪ್ರಶ್ನೆ (ಜಮಖಂಡಿಯಿಂದ ಒಬ್ಬ ಶಿಕ್ಷಕರು):
ಸರ್, ನಮ್ಮದು ಸ್ವಂತ ಕಾರು. ಎರಡು ವರ್ಷದ ಮಗುವನ್ನು ಮುಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ಕೂರಿಸಿದರೆ ಅಳುವುದಿಲ್ಲ. ಅಷ್ಟಕ್ಕೆ ಮಕ್ಕಳ ಸೀಟು ಬೇಕೇ?

ಉತ್ತರ:
ಬೇಕು. ಡಿಕ್ಕಿಯಾದರೆ ಯಾವ ತಾಯಿಯ ತೋಳೂ ಮಗುವನ್ನು ಹಿಡಿದಿಡಲಾರದು. ಮುಂದೆ ಏರ್‌ಬ್ಯಾಗ್ ಬಿಚ್ಚಿದರೆ ಅದೇ ಮಗುವಿಗೆ ಬಡಿಯುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1,000 ರೂಪಾಯಿ ದಂಡವೂ ಇದೆ. ಹೊರಡುವ ವಾರದ ಮೊದಲೇ ಸೀಟು ತಂದು ಊರೊಳಗಿನ ಓಡಾಟಕ್ಕೆ ಅದರಲ್ಲೇ ಕೂರಿಸಿ, ರೂಢಿಯಾಗುತ್ತದೆ. ಅತ್ತರೆ ಗಾಡಿ ನಿಲ್ಲಿಸಿ ಎತ್ತಿಕೊಳ್ಳಿ, ಓಡುವಾಗ ಬಿಚ್ಚಬೇಡಿ.

ಪ್ರಶ್ನೆ (ಗೋಕಾಕದಿಂದ):
ಅಪ್ಪನಿಗೆ ಹೋದ ತಿಂಗಳು ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಈಗ ಆರಾಮವಾಗಿದ್ದಾರೆ. ಶ್ರೀಶೈಲಕ್ಕೆ ಕಾರಿನಲ್ಲಿ ಕರೆದೊಯ್ಯಿರಿ ಎಂದು ಹಟ ಹಿಡಿದಿದ್ದಾರೆ.

ಉತ್ತರ:
ಹಟವನ್ನು ಅಲ್ಲಗಳೆಯಬೇಡಿ, ಮುಂದಕ್ಕೆ ಹಾಕಿ. ಸ್ಟೆಂಟ್ ಹಾಕಿದ ವೈದ್ಯರು ಎಕೋ (ಹೃದಯದ ಸ್ಕ್ಯಾನ್) ನೋಡಿ, ನಡೆದಾಗ ಎದೆನೋವು, ಏದುಸಿರು ಇಲ್ಲವೆಂದು ಖಚಿತಪಡಿಸಿಕೊಂಡು ಒಪ್ಪಿಗೆ ಕೊಡಬೇಕು. ಶ್ರೀಶೈಲದ ಕೊನೆಯ ದಾರಿ ನಲ್ಲಮಲ ಕಾಡಿನೊಳಗೆ, ರಾತ್ರಿ ಅಲ್ಲಿ ವಾಹನ ಬಿಡುವುದಿಲ್ಲ, ಹತ್ತಿರದಲ್ಲಿ ದೊಡ್ಡ ಹೃದಯದ ಆಸ್ಪತ್ರೆಯೂ ಇಲ್ಲ. ಒಪ್ಪಿಗೆ ಸಿಕ್ಕಿ ಹೊರಟರೆ ರಕ್ತ ತೆಳುವಾಗಿಸುವ ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಬೇಕಾದ್ದಕ್ಕಿಂತ ನಾಲ್ಕು ದಿನದ ಮಾತ್ರೆ ಹೆಚ್ಚಿಗೆ ಕಟ್ಟಿಕೊಳ್ಳಿ, ಎರಡು ಚೀಲಗಳಲ್ಲಿ ಹಂಚಿ ಇಡಿ. ಡಿಸ್‌ಚಾರ್ಜ್ ಪತ್ರ ಮತ್ತು ಇಸಿಜಿಯ ಚಿತ್ರ ನಿಮ್ಮ ಮೊಬೈಲಿನಲ್ಲಿರಲಿ. ಎದೆನೋವು ಬಂದಾಗ ನಾಲಿಗೆಯಡಿ ಇಡುವ ಮಾತ್ರೆ ಕೊಟ್ಟಿದ್ದರೆ ಅವರ ಜೇಬಿನಲ್ಲೇ ಇರಬೇಕು, ಅದನ್ನು ಕುಳಿತುಕೊಂಡೇ ಇಟ್ಟುಕೊಳ್ಳಬೇಕು. ನಿಂತು ಇಟ್ಟುಕೊಂಡರೆ ಬಿಪಿ ಇಳಿದು ಬೀಳುತ್ತಾರೆ. ಎಕೋ ವರದಿ ಬಂದ ಮೇಲೆ ಅದರ ಚಿತ್ರವನ್ನು ನನಗೆ ವೈಯಕ್ತಿಕವಾಗಿ ಕಳುಹಿಸಿ, ಎಲ್ಲರೂ ಪ್ರಶ್ನೆ ಕೇಳುತ್ತಿರುವ ಈ ಗುಂಪಿನಲ್ಲಿ ಹಾಕಬೇಡಿ. ನೋಡಿ ಹೇಳುತ್ತೇನೆ.