ಆಲ್ಬಂ ಕುರಿತ ಲೇಖನದಲ್ಲಿ ಅರಮನೆ ಮೈದಾನಕ್ಕೆ ಎಷ್ಟು ಜಾಗ ಕೊಡಬಹುದು?

ಚಾಮರಾಜಪೇಟೆಯ ಕೇಳುಗ (ಪ್ರಶ್ನೆ):

ಕನ್ನಡ ವಿಕಿಪೀಡಿಯಕ್ಕೆ ಸೇರಿಸುವ ಉದ್ದೇಶದಿಂದ ಬ್ರಿಟನ್ನಿನ ಹೆವಿ ಮೆಟಲ್ (ಅಬ್ಬರದ ರಾಕ್ ಸಂಗೀತ) ತಂಡವಾದ ಐರನ್ ಮೇಡನ್‌ನ 'ಎ ಮ್ಯಾಟರ್ ಆಫ್ ಲೈಫ್ ಆ್ಯಂಡ್ ಡೆತ್' ಆಲ್ಬಂ ಬಗ್ಗೆ ನನ್ನ ಪ್ರಯೋಗಪುಟದಲ್ಲಿ (ಕರಡು ಬರೆಯಲು ಬಳಕೆದಾರರಿಗಿರುವ ಪುಟ) ಒಂದು ಲೇಖನವನ್ನು ಸಿದ್ಧಪಡಿಸುತ್ತಿದ್ದೇನೆ. ಇದು ತಂಡದ 14ನೆಯ ಸ್ಟುಡಿಯೊ ಆಲ್ಬಂ ಎಂಬುದರಲ್ಲಾಗಲಿ, ಕೆವಿನ್ ಶರ್ಲಿ ಅವರ ನಿರ್ಮಾಣದಲ್ಲಿ ಲಂಡನ್ನಿನ ಸಾರ್ಮ್ ವೆಸ್ಟ್ ಸ್ಟುಡಿಯೊದಲ್ಲಿ ಧ್ವನಿಮುದ್ರಣಗೊಂಡು 2006ರ ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು ಎಂಬುದರಲ್ಲಾಗಲಿ, ಬ್ರಿಟನ್ನಿನ ಜನಪ್ರಿಯ ಆಲ್ಬಂಗಳ ಪಟ್ಟಿಯಲ್ಲಿ 4ನೆಯ ಮತ್ತು ಅಮೆರಿಕದ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ 9ನೆಯ ಸ್ಥಾನ ಪಡೆಯಿತು ಎಂಬುದರಲ್ಲಾಗಲಿ ಯಾರದೂ ತಕರಾರಿಲ್ಲ.

ತಕರಾರು ಎದ್ದಿರುವುದು ಬೆಂಗಳೂರಿನ ವಿಷಯಕ್ಕೆ. 2007ರ ಮಾರ್ಚ್ 17ರಂದು ತಂಡವು ಅರಮನೆ ಮೈದಾನದಲ್ಲಿ ಕಾರ್ಯಕ್ರಮ ನೀಡಿತು. ಭಾರತದಲ್ಲಿ ಅದೇ ಅವರ ಮೊದಲ ಕಾರ್ಯಕ್ರಮ, ಅದೂ ಇದೇ ಆಲ್ಬಂನ ಪ್ರವಾಸದ ಅಂಗವಾಗಿ. ಆದ್ದರಿಂದ ಅದಕ್ಕೊಂದು ಪ್ರತ್ಯೇಕ ವಿಭಾಗವನ್ನೇ ಬರೆದಿದ್ದೇನೆ. ಕರಡನ್ನು ಓದಿದ ಹಿರಿಯ ಸಂಪಾದಕರೊಬ್ಬರು ಆ ವಿಭಾಗವನ್ನು ಪೂರ್ತಿಯಾಗಿ ತೆಗೆಯಬೇಕೆಂದು ಚರ್ಚೆ ಪುಟದಲ್ಲಿ ಬರೆದಿದ್ದಾರೆ. ಸಂಗೀತ ಪ್ರಕಾರವನ್ನು 'ಪ್ರೊಗ್ರೆಸಿವ್ ಮೆಟಲ್' (ದೀರ್ಘ ಹಾಡುಗಳ, ಲಯ ಬದಲಾಗುತ್ತಿರುವ ಮೆಟಲ್) ಎಂದು ನಮೂದಿಸಿರುವುದಕ್ಕೂ ಅವರ ಆಕ್ಷೇಪವಿದೆ. ಈ ಎರಡರ ಬಗ್ಗೆಯೂ ಅನುಭವಿಗಳ ಅಭಿಪ್ರಾಯ ಬೇಕಾಗಿದೆ. ಆಲ್ಬಂನ ಮುಖಚಿತ್ರವನ್ನು ಕಾಮನ್ಸ್‌ಗೆ (ಎಲ್ಲ ವಿಕಿಪೀಡಿಯಗಳಿಗೂ ಚಿತ್ರ ಒದಗಿಸುವ ಕಡತಗಳ ಭಂಡಾರ) ಏರಿಸಬಹುದೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಅರಳಿಕಟ್ಟೆಯ ಹಳಬ:

ಬೆಂಗಳೂರು ವಿಭಾಗದ ವಿಷಯವನ್ನು ಮೊದಲು ನೋಡೋಣ. ಆಲ್ಬಂ ಕುರಿತ ಲೇಖನದಲ್ಲಿ ಆ ಆಲ್ಬಂ ಬಗ್ಗೆ ಈಗಾಗಲೇ ಪ್ರಕಟವಾಗಿರುವ ಸಂಗತಿಗಳಿರಬೇಕೇ ಹೊರತು, ಅದರ ಮೇಲೆ ನಮಗಿರುವ ಪ್ರೀತಿಯ ದಾಖಲೆಯಲ್ಲ. 2006ರ ಕೊನೆಯ ತಿಂಗಳುಗಳ ಕಾರ್ಯಕ್ರಮಗಳಲ್ಲಿ ತಂಡವು ಹತ್ತೂ ಹಾಡುಗಳನ್ನು, ಒಂದನ್ನೂ ಬಿಡದೆ, ಆಲ್ಬಂನಲ್ಲಿರುವ ಕ್ರಮದಲ್ಲೇ ನುಡಿಸಿತ್ತು. ಹಳೆಯ ಹಾಡುಗಳ ಆಸೆಯಿಂದ ಬಂದವರ ಮುಂದೆ ಸುಮಾರು 72 ನಿಮಿಷಗಳ ಹೊಸ ಸಂಗೀತವನ್ನೇ ಇಡಲು ತಂಡಕ್ಕೆ ಅದರ ಮೇಲೆ ಎಷ್ಟು ಭರವಸೆ ಇದ್ದಿರಬೇಕು ಎಂದು ನನಗೆ ಇಂದಿಗೂ ಅನಿಸುತ್ತದೆ. ಆ ನಿರ್ಧಾರ ಈ ಆಲ್ಬಂನ ಚರಿತ್ರೆಗೆ ನೇರವಾಗಿ ಸೇರಿದ್ದು. ಆದರೆ ಪ್ರವಾಸವು 2007ಕ್ಕೆ ಕಾಲಿಡುವ ಹೊತ್ತಿಗೆ ನುಡಿಸುವ ಹಾಡುಗಳ ಪಟ್ಟಿ ಬದಲಾಗಿತ್ತು. ಹೊಸ ಆಲ್ಬಂನ ಕೆಲವು ಹಾಡುಗಳನ್ನು ಮಾತ್ರ ಉಳಿಸಿಕೊಂಡು, 1982ರ 'ದ ನಂಬರ್ ಆಫ್ ದ ಬೀಸ್ಟ್' ಆಲ್ಬಂಗೆ 25 ವರ್ಷ ತುಂಬಿದ ನೆಪದಲ್ಲಿ ಹಳೆಯ ಹಾಡುಗಳನ್ನು ಮರಳಿ ತರಲಾಗಿತ್ತು. ಹೀಗಿರುವಾಗ ಅರಮನೆ ಮೈದಾನದ ಸಂಜೆಗೆ ಪ್ರವಾಸದ ವಿಭಾಗದಲ್ಲಿ ಒಂದು ವಾಕ್ಯ ಸಾಕು. ವಿವರಗಳು ತಂಡದ ಕುರಿತ ಲೇಖನಕ್ಕೆ ಹೋಗಲಿ.

ಪ್ರಕಾರದ ಜಗಳವಂತೂ ಮೆಟಲ್ ಲೇಖನಗಳಿಗೆ ಅಂಟಿದ ಜಾಡ್ಯ. 'ಫಾರ್ ದ ಗ್ರೇಟರ್ ಗುಡ್ ಆಫ್ ಗಾಡ್' ಮತ್ತು 'ದ ಲೆಗಸಿ' ಹಾಡುಗಳು ಒಂಬತ್ತು ನಿಮಿಷ ಮೀರುತ್ತವೆ, ಲಯ ಮೇಲಿಂದ ಮೇಲೆ ಬದಲಾಗುತ್ತದೆ, ನಿಜ. ಅದನ್ನು ಕೇಳಿ ತಾವು ತಲುಪಿದ ತೀರ್ಮಾನ ಸರಿಯೂ ಇರಬಹುದು. ಆದರೂ ಅದು ವಿಕಿಪೀಡಿಯದ ಲೆಕ್ಕದಲ್ಲಿ ಸ್ವಂತ ಸಂಶೋಧನೆಯೇ, ಅಂದರೆ ಪ್ರಕಟಿತ ಆಧಾರವಿಲ್ಲದ ನಮ್ಮದೇ ತೀರ್ಮಾನ. ಪ್ರಕಟಿತ ವಿಮರ್ಶೆಯ ಗದ್ಯದಲ್ಲಿ ವಿಮರ್ಶಕರು ಹಾಗೆಂದು ಬರೆದಿದ್ದರೆ ಅದನ್ನು ಉಲ್ಲೇಖಿಸಿ ಸೇರಿಸಬಹುದು. ಮೆಟಲ್ ಆರ್ಕೈವ್ಸ್ ಮತ್ತು ಡಿಸ್ಕಾಗ್ಸ್ ಜಾಲತಾಣಗಳನ್ನು ತುಂಬುವವರು ನಮ್ಮಂಥ ಬಳಕೆದಾರರೇ ಆದ್ದರಿಂದ ಅವು ಆಧಾರವಾಗಲಾರವು. ಆಲ್‌ಮ್ಯೂಸಿಕ್ ಜಾಲತಾಣದ ವಿಮರ್ಶೆಯನ್ನು ಬಳಸಬಹುದಾದರೂ ಅದರ ಪಕ್ಕದ ಪಟ್ಟಿಯಲ್ಲಿರುವ ಪ್ರಕಾರಗಳ ಹೆಸರನ್ನು ಬಳಸಬಾರದೆಂಬ ರೂಢಿ ಇಂಗ್ಲಿಷ್ ವಿಕಿಪೀಡಿಯದಲ್ಲಿದೆ. ಯಾವುದು ಆಧಾರ, ಯಾವುದು ಅಲ್ಲ ಎಂಬ ಇಂಥ ರೂಢಿಗಳನ್ನು ಕನ್ನಡ ಸಮುದಾಯ ಹಾಗೆಯೇ ಎತ್ತಿಕೊಳ್ಳಬೇಕೆಂದಿಲ್ಲ. ಓದುಗರು ಪರಿಶೀಲಿಸಿ ನೋಡುವಂತಿರಬೇಕು ಎಂಬ ತತ್ವಕ್ಕೆ ಮಾತ್ರ ಭಾಷಾಭೇದವಿಲ್ಲ.

ಮತ್ತೀಕೆರೆ ಗಿಟಾರು:

ಹಿರಿಯರ ಮಾತನ್ನು ಅರ್ಧ ಒಪ್ಪುತ್ತೇನೆ. ಒಂದೇ ವಾಕ್ಯವೆಂದರೆ ಕೈ ಬಿಗಿಯಾಯಿತು. ಕನ್ನಡದಲ್ಲಿ ಈ ಲೇಖನವನ್ನು ತೆರೆಯುವ ಓದುಗರು ತಂಡವು ನಮ್ಮ ಊರಿಗೆ ಬಂದಿದ್ದನ್ನು ಹುಡುಕುವುದು ಸಹಜವಾಗಿರುವಾಗ, ಇಂಗ್ಲಿಷ್ ಲೇಖನದ ಅಳತೆಗೇ ನಮ್ಮದನ್ನೂ ಕತ್ತರಿಸಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಒಂದು ಪುಟ್ಟ ಪ್ಯಾರಾ ಇರಲಿ, ಆದರೆ ಅದರ ಪ್ರತಿ ವಾಕ್ಯಕ್ಕೂ ಆಧಾರವಿರಲಿ. ಆಧಾರವು ಅಂತರ್ಜಾಲದಲ್ಲೇ ಸಿಗಬೇಕೆಂದಿಲ್ಲ. 2007ರ ಮಾರ್ಚ್ ಮೂರನೆಯ ವಾರದ ಮುದ್ರಿತ ಪತ್ರಿಕೆಗಳನ್ನು ಕಬ್ಬನ್ ಉದ್ಯಾನದ ಗ್ರಂಥಾಲಯದಲ್ಲಿ ವಿಚಾರಿಸಿ ನೋಡಿ. ವರದಿ ಸಿಕ್ಕರೆ ಪತ್ರಿಕೆಯ ಹೆಸರು, ದಿನಾಂಕ, ಪುಟಸಂಖ್ಯೆಗಳನ್ನು ಕೊಟ್ಟರಾಯಿತು, ಕೊಂಡಿಯಿಲ್ಲವೆಂಬ ಕಾರಣಕ್ಕೆ ಅದನ್ನು ಯಾರೂ ತೆಗೆದುಹಾಕುವಂತಿಲ್ಲ.

ಎಚ್ಚರ ವಹಿಸಬೇಕಾದ ಜಾಗ ಬೇರೆ ಇದೆ. ತಂಡವು 2009ರ ಫೆಬ್ರವರಿ 15ರಂದು ಅದೇ ಅರಮನೆ ಮೈದಾನಕ್ಕೆ ಮತ್ತೊಮ್ಮೆ ಬಂದಿತ್ತು. ಅದು 'ಸಮ್‌ವೇರ್ ಬ್ಯಾಕ್ ಇನ್ ಟೈಮ್' ಪ್ರವಾಸ. 1980ರ ದಶಕದ ಹಾಡುಗಳನ್ನು ಕೇಂದ್ರವಾಗಿಟ್ಟುಕೊಂಡಿದ್ದ ಆ ಕಾರ್ಯಕ್ರಮಕ್ಕೂ ಈ ಆಲ್ಬಂಗೂ ಸಂಬಂಧವಿಲ್ಲ. ಎರಡೂ ಸಂಜೆಗಳಿಗೆ ಹೋಗಿದ್ದವರ ನೆನಪುಗಳು ಎಷ್ಟು ಸೊಗಸಾಗಿ ಕಲಸಿಹೋಗಿವೆಯೆಂದರೆ, ಅಂಥವರ ಬ್ಲಾಗ್ ಬರಹವನ್ನು ಆಧಾರವಾಗಿಸಿಕೊಂಡರೆ ದಿಕ್ಕು ತಪ್ಪುವುದು ಖಂಡಿತ.

ತಮ್ಮ ಕರಡಿನಲ್ಲಿ 'ಈ ಆಲ್ಬಂಗೆ ಮಾಸ್ಟರಿಂಗ್ ಮಾಡಿಲ್ಲ' ಎಂಬ ವಾಕ್ಯವನ್ನೂ ಕಂಡೆ. ಮಾಸ್ಟರಿಂಗ್ ಎಂದರೆ ಬಿಡುಗಡೆಗೆ ಮೊದಲು ಧ್ವನಿಯನ್ನು ಕೊನೆಯದಾಗಿ ಹದಗೊಳಿಸುವ ಹಂತ. ತಂಡದ ಬೇಸ್ ಗಿಟಾರ್ ವಾದಕ ಸ್ಟೀವ್ ಹ್ಯಾರಿಸ್ ಅವರು ಸ್ಟುಡಿಯೊದಲ್ಲಿ ಮೂಡಿದ ನಾದ ಹಾಗೆಯೇ ಉಳಿಯಲಿ ಎಂದು ಆ ಹಂತವನ್ನು ಕೈಬಿಟ್ಟಿದ್ದು ನಿಜ, ಮತ್ತು ಈ ಆಲ್ಬಂ ಬಗ್ಗೆ ಬರೆಯಲೇಬೇಕಾದ ಸಂಗತಿ ಅದು. ಆದರೆ ಆ ಮಾತು 2006ರ ಮೂಲ ಬಿಡುಗಡೆಗೆ ಮಾತ್ರ ಸಲ್ಲುತ್ತದೆ. ಮುಂದೆ ರೀಮಾಸ್ಟರ್ ಮಾಡಿದ ಆವೃತ್ತಿಯೂ ಬಂದಿದೆ. ವಾಕ್ಯದಲ್ಲಿ ವರ್ಷವನ್ನು ಸೇರಿಸಿ.

ಕಡತಪಾಲಕ:

ಮುಖಚಿತ್ರದ ಬಗ್ಗೆ ಮಾತ್ರ. ಟಿಮ್ ಬ್ರ್ಯಾಡ್‌ಸ್ಟ್ರೀಟ್ ಅವರು ರಚಿಸಿದ ಆ ಚಿತ್ರಕ್ಕೆ ಹಕ್ಕುಸ್ವಾಮ್ಯವಿದೆ. ಕಾಮನ್ಸ್ ಮುಕ್ತ ಪರವಾನಗಿಯ ಕಡತಗಳನ್ನು ಮಾತ್ರ ಸ್ವೀಕರಿಸುತ್ತದೆಯಾದ್ದರಿಂದ, ತಾವು ಅಂಗಡಿಯಲ್ಲಿ ಕೊಂಡ ಸಿ.ಡಿ.ಯನ್ನು ತಾವೇ ಛಾಯಾಚಿತ್ರ ತೆಗೆದು ಏರಿಸಿದರೂ ಅಳಿಸಲಾಗುತ್ತದೆ. ನ್ಯಾಯಯುತ ಬಳಕೆಯ (ಹಕ್ಕುಸ್ವಾಮ್ಯವಿರುವುದನ್ನು ಮಿತವಾಗಿ ಬಳಸಲು ಇರುವ ಅವಕಾಶ) ಆಧಾರದಲ್ಲಿ ಸ್ಥಳೀಯ ವಿಕಿಗೆ, ಅಂದರೆ ಕನ್ನಡ ವಿಕಿಪೀಡಿಯಕ್ಕೇ, ಕಡಿಮೆ ಗಾತ್ರದಲ್ಲಿ, ಬಳಕೆಯ ಕಾರಣವನ್ನು ಬರೆದು ಏರಿಸುವುದು ಉಳಿದ ದಾರಿ. ಅದಕ್ಕೆ ಮೊದಲು ನಿರ್ವಾಹಕರನ್ನು ಕೇಳಿ. ಚಿತ್ರವಿಲ್ಲದಿದ್ದರೂ ಲೇಖನ ನಿಲ್ಲುತ್ತದೆ.

ಚಾಮರಾಜಪೇಟೆಯ ಕೇಳುಗ:

ಮೂವರಿಗೂ ವಂದನೆಗಳು. ಪ್ರಕಾರವನ್ನು ಸದ್ಯಕ್ಕೆ 'ಹೆವಿ ಮೆಟಲ್' ಎಂದಷ್ಟೇ ಇಡುತ್ತೇನೆ. ಬೆಂಗಳೂರಿನ ಪ್ರತ್ಯೇಕ ವಿಭಾಗವನ್ನು ತೆಗೆದು, ಪ್ರವಾಸದ ವಿಭಾಗದ ಕೊನೆಯಲ್ಲಿ ಹೀಗೆ ಬರೆಯಬಹುದೇ? "2006ರ ಕಾರ್ಯಕ್ರಮಗಳಲ್ಲಿ ಆಲ್ಬಂ ಅನ್ನು ಪೂರ್ಣವಾಗಿ ನುಡಿಸಿದ ತಂಡವು 2007ರಲ್ಲಿ ಅದರ ಕೆಲವು ಹಾಡುಗಳನ್ನಷ್ಟೇ ಉಳಿಸಿಕೊಂಡಿತು. ಈ ಹಂತದಲ್ಲಿ, ಮಾರ್ಚ್ 17ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಾವಿರಾರು ಜನರ ಮುಂದೆ ಭಾರತದ ತನ್ನ ಮೊದಲ ಕಾರ್ಯಕ್ರಮವನ್ನು ನೀಡಿತು." ಪತ್ರಿಕೆಯ ವರದಿ ದೊರೆತ ಮೇಲೆ ಇನ್ನೆರಡು ವಾಕ್ಯಗಳನ್ನು ಸೇರಿಸುವ ಯೋಚನೆಯಿದೆ.

ಅರಳಿಕಟ್ಟೆಯ ಹಳಬ:

ಇದಕ್ಕೆ ನನ್ನ ಆಕ್ಷೇಪವಿಲ್ಲ. ಗಿಟಾರು ಅವರು ಹೇಳಿದ ಪುಟ್ಟ ಪ್ಯಾರಾಕ್ಕೂ ಇಲ್ಲ. 'ಸಾವಿರಾರು ಜನರ ಮುಂದೆ' ಎಂಬುದನ್ನು ಮಾತ್ರ ವರದಿ ಕೈಗೆ ಸಿಗುವವರೆಗೆ ಬಿಡಿ. ಸಿಕ್ಕ ವರದಿಯಲ್ಲಿ ಸಂಖ್ಯೆ ಇದ್ದರೆ, ಅದು ಆಯೋಜಕರು ಹೇಳಿದ್ದೋ, ಪೊಲೀಸರು ಹೇಳಿದ್ದೋ, ವರದಿಗಾರರ ಅಂದಾಜೋ ಎಂಬುದನ್ನು ವಾಕ್ಯದಲ್ಲೇ ಸ್ಪಷ್ಟಪಡಿಸಿ. ಬದಲಾವಣೆಗಳನ್ನು ಚರ್ಚೆ ಪುಟದಲ್ಲಿ ಹಾಕಿ ಆಕ್ಷೇಪಿಸಿದ ಸಂಪಾದಕರಿಗೆ ತಿಳಿಸಿ, ಅವರ ಉತ್ತರ ಬಂದ ಮೇಲೆ ಪ್ರಯೋಗಪುಟದಿಂದ ಲೇಖನವನ್ನು ಸ್ಥಳಾಂತರಿಸಿ.