ಗ್ರಹಣದಂಚಿನಲ್ಲಿ ಮಿಡಿತ ತಡವಾಗುವುದು: ಪ್ಲಾಸ್ಮಾದಿಂದಲೋ, ಶಪಿರೊ ವಿಳಂಬದಿಂದಲೋ?

ಪ್ರಶ್ನೆ:
1988ರಲ್ಲಿ ಅರೆಸಿಬೊ ದೂರದರ್ಶಕದಿಂದ ಪತ್ತೆಯಾದ ಬಿ1957+20 ಪಲ್ಸಾರ್ (ವೇಗವಾಗಿ ತಿರುಗುತ್ತ ರೇಡಿಯೊ ಮಿಡಿತಗಳನ್ನು ಕಳಿಸುವ ನ್ಯೂಟ್ರಾನ್ ನಕ್ಷತ್ರ) 1.6 ಮಿಲಿಸೆಕೆಂಡಿಗೊಮ್ಮೆ ಮಿಡಿಯುತ್ತದೆ, ಅದರ ಕಕ್ಷಾವಧಿ 9.2 ಗಂಟೆ. ಒಡನಾಡಿ ನಕ್ಷತ್ರವು ನಮಗೂ ಪಲ್ಸಾರಿಗೂ ನಡುವೆ ಬಂದಾಗಲೆಲ್ಲ, 430 ಮೆಗಾಹರ್ಟ್ಸ್‌ನಲ್ಲಿ ಸುಮಾರು 50 ನಿಮಿಷ ಸಂಕೇತ ಸಿಗುವುದಿಲ್ಲ. ಮರೆಯಾಗುವ ಮುನ್ನ ಮತ್ತು ಮರಳಿ ಕಾಣಿಸಿದ ಬಳಿಕ ಮಿಡಿತಗಳು ನೂರಾರು ಮೈಕ್ರೋಸೆಕೆಂಡು ತಡವಾಗಿ ಬರುತ್ತವೆ. ಜೆ1614−2230 ಎಂಬ ಇನ್ನೊಂದು ಜೋಡಿ ಪಲ್ಸಾರಿನಲ್ಲಿಯೂ ಕಕ್ಷೆಯ ಇದೇ ಭಾಗದಲ್ಲಿ ಮಿಡಿತ ತಡವಾಗುತ್ತದೆ, ಆ ಶಪಿರೊ ವಿಳಂಬದಿಂದಲೇ (ಒಡನಾಡಿಯ ಗುರುತ್ವದಿಂದ ಸಂಕೇತ ತಡವಾಗುವುದು) 2010ರಲ್ಲಿ ಪಲ್ಸಾರಿನ ದ್ರವ್ಯರಾಶಿಯನ್ನು ಅಳೆದರು. ಮೊದಲನೆಯದರಲ್ಲಿ ಹಾಗೆ ಅಳೆಯಬಾರದೇಕೆ?

ಉತ್ತರ 1:
ಎರಡೂ ವಿಳಂಬಗಳು ಒಂದೇ ಜಾಗದಲ್ಲಿ ಕಾಣಿಸಿಕೊಂಡರೂ ಅವುಗಳ ಮೂಲ ಬೇರೆ. ಶಪಿರೊ ವಿಳಂಬಕ್ಕೆ ಒಡನಾಡಿಯ ಗುರುತ್ವ ಕಾರಣ. ಜೆ1614−2230ರ ಒಡನಾಡಿ ಸೂರ್ಯನ ಅರ್ಧದಷ್ಟು ದ್ರವ್ಯರಾಶಿಯ ಶ್ವೇತಕುಬ್ಜ (ಇಂಧನ ಮುಗಿದು ಕುಗ್ಗಿದ ನಕ್ಷತ್ರದ ತಿರುಳು), ಕಕ್ಷೆಯ ಅಂಚು ಹೆಚ್ಚುಕಡಿಮೆ ನಮ್ಮತ್ತಲೇ ಇದೆ. ಇಷ್ಟು ಅನುಕೂಲವಿದ್ದೂ ಅಲ್ಲಿ ಸಿಗುವುದು ಕೆಲವು ಹತ್ತು ಮೈಕ್ರೋಸೆಕೆಂಡು ಮಾತ್ರ. ಬಿ1957+20ರ ಒಡನಾಡಿ ಸೂರ್ಯನ ನೂರರಲ್ಲಿ ಕೆಲವೇ ಪಾಲು ತೂಗುವುದರಿಂದ ಅದರ ಶಪಿರೊ ವಿಳಂಬ ಒಂದೆರಡು ಮೈಕ್ರೋಸೆಕೆಂಡನ್ನೂ ಮುಟ್ಟದು. ನೂರಾರು ಮೈಕ್ರೋಸೆಕೆಂಡು ತಡಮಾಡುತ್ತಿರುವುದು, ಪಲ್ಸಾರಿನ ವಿಕಿರಣವು ಒಡನಾಡಿಯಿಂದ ಕಿತ್ತೆಬ್ಬಿಸಿದ ಪ್ಲಾಸ್ಮಾ, ಅಂದರೆ ವಿದ್ಯುದಾವೇಶದ ಕಣಗಳ ಅನಿಲ. ಪರೀಕ್ಷಿಸುವುದೂ ಸುಲಭ: ಗುರುತ್ವ ಎಲ್ಲ ಆವೃತ್ತಿಗಳನ್ನೂ ಸಮನಾಗಿ ತಡೆಯುತ್ತದೆ, ಪ್ಲಾಸ್ಮಾ ಮಾತ್ರ ಆವೃತ್ತಿಯ ವರ್ಗಕ್ಕೆ ವಿಲೋಮವಾಗಿ ತಡೆಯುತ್ತದೆ. 400 ಮೆಗಾಹರ್ಟ್ಸ್‌ನಲ್ಲಿ 400 ಮೈಕ್ರೋಸೆಕೆಂಡು ತಡವಾದದ್ದು 800ರಲ್ಲಿ 100ಕ್ಕೆ ಇಳಿದರೆ ಅನುಮಾನಕ್ಕೆ ಎಡೆಯಿಲ್ಲ.

ಉತ್ತರ 2:
ವಿಳಂಬದ ಆಕಾರವನ್ನೂ ಗಮನಿಸಿ. ಬಿ1957+20ರಲ್ಲಿ ಗ್ರಹಣಕ್ಕೆ ಮುನ್ನ ಕೆಲವೇ ನಿಮಿಷ, ಗ್ರಹಣದ ನಂತರ 20 ನಿಮಿಷಕ್ಕೂ ಹೆಚ್ಚು ಕಾಲ ಮಿಡಿತಗಳು ತಡವಾಗುತ್ತವೆ, ಏಕೆಂದರೆ ಚಲಿಸುತ್ತಿರುವ ಒಡನಾಡಿಯ ಹಿಂದೆ ಅನಿಲದ ಬಾಲ ಎಳೆದುಕೊಂಡಿರುತ್ತದೆ. ವೃತ್ತಾಕಾರದ ಕಕ್ಷೆಯಲ್ಲಿ ಶಪಿರೊ ವಿಳಂಬ ಎರಡೂ ಬದಿ ಸಮನಾಗಿರಬೇಕು. ಪುಣೆ ಬಳಿಯ ಜಿಎಂಆರ್‌ಟಿ ರೇಡಿಯೊ ದೂರದರ್ಶಕದಲ್ಲಿ ಈಗ 300ರಿಂದ 500 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಒಮ್ಮೆಗೇ ದಾಖಲಿಸಬಹುದು. ಅಂಥ ದತ್ತಾಂಶವನ್ನು ಇಡಿಯಾಗಿ ಸರಾಸರಿ ಮಾಡದೆ ಸಣ್ಣ ಪಟ್ಟಿಗಳಾಗಿ ಬಿಡಿಸಿದರೆ, ಕೆಳ ಆವೃತ್ತಿಯ ಮಿಡಿತ ಹಿಂದೆ ಬೀಳುವುದು ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ ಕೇಳಿದವರು:
ಕಕ್ಷೆಯ ಲೆಕ್ಕ ಹಾಕುವಾಗ ಗ್ರಹಣದಂಚಿನ ಈ ಅಳತೆಗಳನ್ನು ಬಿಟ್ಟುಬಿಡಬೇಕೆ?

ಉತ್ತರ 1:
ಹೌದು, ಕಕ್ಷೆಯ ಲೆಕ್ಕಕ್ಕೆ ಅವು ಬೇಡ. ಪ್ಲಾಸ್ಮಾದ ಅಧ್ಯಯನಕ್ಕೆ ಮಾತ್ರ ಅವೇ ಬಂಡವಾಳ, ಎಸೆಯಬೇಡಿ. ಇನ್ನೊಂದು ಎಚ್ಚರಿಕೆ: ಈ ಜೋಡಿಯ ಕಕ್ಷಾವಧಿ ಸ್ಥಿರವಲ್ಲ, ಅನಿಯತವಾಗಿ ಹೆಚ್ಚುಕಡಿಮೆಯಾಗುತ್ತದೆ. ಹಳೆಯ ಕಕ್ಷಾ ವಿವರಗಳನ್ನು ನಂಬಿ ಗ್ರಹಣದ ಹೊತ್ತನ್ನು ಗುರುತು ಹಾಕಿದರೆ ನಿಮ್ಮ ಗುರುತು ಸರಿದಿರುತ್ತದೆ.